‘ಕೊಡಿದಳು’ ಅಂದರೆ ಗಾಬರಿ ಬೇಡ

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಮೂರೂವರೆ ವರ್ಷ. ಮೊದಲು ‘ಬಿದ್ದೆ’, ‘ಕೊಟ್ಟಳು’ ಅಂತ ಸರಿಯಾಗಿಯೇ ಹೇಳುತ್ತಿದ್ದ. ಈಗೀಗ ‘ನಾನು ಬೀಳಿದೆ’, ‘ಅಜ್ಜಿ ಚೆಂಡು ಕೊಡಿದಳು’ ಅನ್ನುತ್ತಾನೆ. ತಿದ್ದಿದರೂ ಕೇಳಲ್ಲ. ಕಲಿತದ್ದನ್ನು ಮರೆಯುತ್ತಿದ್ದಾನಾ?

ಉತ್ತರ: ಮರೆತಿಲ್ಲಮ್ಮ, ಮುಂದೆ ಹೋಗಿದ್ದಾನೆ. ‘ಕೊಡಿದಳು’ ಅನ್ನೋ ಮಾತನ್ನು ನಿಮ್ಮ ಮನೆಯಲ್ಲಿ ಯಾರೂ ಆಡಿಲ್ಲ, ಅಲ್ವಾ? ಮತ್ತೆ ಅವನಿಗೆ ಎಲ್ಲಿಂದ ಬಂತು? ಮಾಡು–ಮಾಡಿದಳು, ಹಾಡು–ಹಾಡಿದಳು, ಓಡು–ಓಡಿದಳು. ಇಷ್ಟು ಕೇಳಿದವನಿಗೆ ಕೊಡು–ಕೊಡಿದಳು ಅಂತಲೇ ಹೊಳೆಯಬೇಕು. ಅವನ ಲೆಕ್ಕ ಸರಿಯಾಗಿದೆ, ತಕರಾರು ಕನ್ನಡದ್ದು. ಮೊದಲು ‘ಕೊಟ್ಟಳು’ ಅನ್ನುವಾಗ ಕೇಳಿದ್ದನ್ನು ಇಡಿಯಾಗಿ ಒಪ್ಪಿಸುತ್ತಿದ್ದ. ಈಗ ಪದವನ್ನು ಬಿಡಿಸಿ ನೋಡುತ್ತಿದ್ದಾನೆ.

ಇದನ್ನು ಚಂದವಾಗಿ ತೋರಿಸಿದವರು ಅಮೆರಿಕದ ಜೀನ್ ಬರ್ಕೊ, 1958ರಲ್ಲಿ. ಹಕ್ಕಿಯಂಥ ಒಂದು ಚಿತ್ರ ಬರೆದು ‘ಇದು ವಗ್’ ಅಂದರು. ಆಮೇಲೆ ಎರಡು ಹಕ್ಕಿ ತೋರಿಸಿ ‘ಇವು ಏನು?’ ಅಂತ ಕೇಳಿದರು. ಮಕ್ಕಳು ‘ವಗ್ಸ್’ ಅಂದರು. ಆ ಪದ ಭಾಷೆಯಲ್ಲೇ ಇರಲಿಲ್ಲ. ಅಂದಮೇಲೆ ಕೇಳಿ ಕಲಿತದ್ದಲ್ಲ, ನಿಯಮ ಹಚ್ಚಿದ್ದು. ನೀವೂ ಮನೆಯಲ್ಲಿ ಮಾಡಿ ನೋಡಿ. ಒಂದು ಗೊಂಬೆಯನ್ನು ವಿಚಿತ್ರವಾಗಿ ಕುಣಿಸಿ ‘ನೋಡು, ಇವನು ಗುಮುಕುತ್ತಾ ಇದ್ದಾನೆ’ ಅನ್ನಿ. ಸ್ವಲ್ಪ ಹೊತ್ತು ಬಿಟ್ಟು ‘ಆಗ ಏನು ಮಾಡಿದ?’ ಅಂತ ಕೇಳಿ. ‘ಗುಮುಕಿದ’ ಅಂದರೆ ನಿಮ್ಮ ಮಗನ ವ್ಯಾಕರಣ ಕೆಲಸ ಮಾಡುತ್ತಿದೆ.

ಇನ್ನೊಂದು ವಿಷಯ. ಇಂಗ್ಲಿಷ್ ಮಕ್ಕಳ ಮಾತಿನ ದಾಖಲೆಗಳನ್ನು ಗ್ಯಾರಿ ಮಾರ್ಕಸ್ ಮತ್ತು ಜೊತೆಗಾರರು 1992ರಲ್ಲಿ ಜಾಲಾಡಿದಾಗ, ನಿಯಮ ತಪ್ಪುವ ಕ್ರಿಯಾಪದಗಳಲ್ಲಿ ಇಂಥ ತಪ್ಪು ಸುಮಾರಾಗಿ 100ಕ್ಕೆ ಎರಡು-ಮೂರು ಸಲ ಮಾತ್ರ ಸಿಕ್ಕಿತು. ನಿಮ್ಮ ಮಗನೂ ‘ಕೊಟ್ಟಳು’ ಅನ್ನೋದನ್ನು ಪೂರ್ತಿ ಬಿಟ್ಟಿರಲಾರ. ಸರಿಯಾಗಿ ಹೇಳಿದ್ದು ನಮ್ಮ ಕಿವಿಗೆ ಬೀಳಲ್ಲ ಅಷ್ಟೆ.

‘ಕೊಡಿದಳು ಅಲ್ಲ, ಕೊಟ್ಟಳು ಅನ್ನು’ ಅಂತ ಒಪ್ಪಿಸೋ ಕೆಲಸ ದಯವಿಟ್ಟು ಬೇಡ. ‘ಓ, ಅಜ್ಜಿ ಕೊಟ್ಟಳಾ? ಯಾವ ಬಣ್ಣದ ಚೆಂಡು ಕೊಟ್ಟಳು?’ ಅನ್ನಿ. ಸರಿಯಾದ ರೂಪವೂ ಕಿವಿಗೆ ಬಿತ್ತು, ಮಾತೂ ಮುಂದುವರಿಯಿತು. ನಡುನಡುವೆ ತಡೆದು ತಿದ್ದಿದರೆ ಮಕ್ಕಳು ಚೆಂಡಿನ ಕಥೆಯನ್ನೇ ಕೈಬಿಡುತ್ತಾರೆ.

ಪ್ರಶ್ನೆ: ಮಗಳಿಗೆ ಐದೂವರೆ ವರ್ಷ. ಕಿವಿ ಪರೀಕ್ಷೆ ಮಾಡಿಸಿದ್ದೇವೆ, ತೊಂದರೆಯಿಲ್ಲ. ಪಜಲ್ ಜೋಡಿಸುವುದರಲ್ಲಿ ಚುರುಕು. ಆದರೆ ‘ಅಪ್ಪ ಬೀಗ ಬಾಗಿಲು’ ಅನ್ನುವಂಥ ತುಂಡು ಮಾತು. ಶಾಲೆಯಲ್ಲಿ ‘ಗಮನ ಕೊಡಲ್ಲ’ ಅನ್ನುತ್ತಾರೆ. ಮನೆಯಲ್ಲಿ ಎರಡು ಭಾಷೆ ಇರುವುದೇ ಕಾರಣ, ಒಂದನ್ನು ಬಿಡಿ ಅಂತ ನೆಂಟರ ಸಲಹೆ. ಕಾಯೋಣವೇ?

ಉತ್ತರ: ಕಾಯಬೇಡಿ. ಎರಡು ವರ್ಷದ ಮಗುವಾಗಿದ್ದರೆ ಇಷ್ಟು ಖಡಾಖಂಡಿತ ಹೇಳುತ್ತಿರಲಿಲ್ಲ. ಆ ವಯಸ್ಸಿನಲ್ಲಿ ತಡವಾಗಿ ಮಾತು ಶುರು ಮಾಡುವ ಮಕ್ಕಳಲ್ಲಿ ಸುಮಾರು ಜನ ತಾವಾಗಿ ಸರಿಹೋಗುತ್ತಾರೆ. ಐದು ದಾಟಿದ ಮೇಲೂ ಹೀಗಿದ್ದರೆ ಸುಮ್ನೆ ಕೂರುವಂತಿಲ್ಲ.

ನೀವು ಬರೆದದ್ದು ಓದಿದರೆ ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್, ಅಂದರೆ ಡಿಎಲ್‌ಡಿ ಇರಬಹುದಾ ಅಂತ ನೋಡಬೇಕು ಅನಿಸುತ್ತದೆ. ಇದರಲ್ಲಿ ಕಿವಿ ಚೆನ್ನಾಗಿರುತ್ತದೆ, ಬುದ್ಧಿಮಾಂದ್ಯ ಇರುವುದಿಲ್ಲ, ಆಟಿಸಂ ಇರುವುದಿಲ್ಲ. ಆದರೂ ಭಾಷೆ ಮಾತ್ರ ಕೈಗೆ ಹತ್ತುವುದಿಲ್ಲ. ಡೊರೊಥಿ ಬಿಷಪ್ ಮುಂದಾಳತ್ವದಲ್ಲಿ 50ಕ್ಕೂ ಹೆಚ್ಚು ತಜ್ಞರು ಚರ್ಚಿಸಿ ಈ ಹೆಸರಿಗೆ ಒಪ್ಪಿದ್ದು 2017ರಲ್ಲಿ. ತೊಂದರೆ ಅಪರೂಪದ್ದಲ್ಲ. ಅಮೆರಿಕದಲ್ಲಿ ಟಾಂಬ್ಲಿನ್ ತಂಡ 1997ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಕಿಂಡರ್‌ಗಾರ್ಟನ್ ಮಕ್ಕಳಲ್ಲಿ ಶೇ 7.4ರಷ್ಟು ಮಂದಿಗೆ ಇದು ಕಂಡಿತು. 30 ಮಕ್ಕಳ ಕ್ಲಾಸಿನಲ್ಲಿ ಇಬ್ಬರು ಅಂತಿಟ್ಟುಕೊಳ್ಳಿ. ಅವರಲ್ಲಿ ಮೊದಲೇ ‘ನಿಮ್ಮ ಮಗುವಿಗೆ ಮಾತಿನ ತೊಂದರೆ ಇದೆ’ ಅಂತ ಯಾರಾದರೂ ಹೇಳಿದ್ದ ತಂದೆ-ತಾಯಿ ಮೂರರಲ್ಲಿ ಒಂದು ಪಾಲೂ ಇರಲಿಲ್ಲ. ಉಳಿದ ಮಕ್ಕಳು ಹಾಗೇ ಕಣ್ಣಿಗೆ ಬೀಳದೆ ಉಳಿದಿದ್ದರು. ‘ಗಮನ ಕೊಡಲ್ಲ’ ಅನ್ನೋ ಮಾತು ನಾನೂ ಜಾಸ್ತಿ ಕೇಳುತ್ತೇನೆ. ಹೇಳಿದ್ದು ಅರ್ಥವಾಗದ ಮಗು ಗಮನ ಕೊಡೋದಾದರೂ ಯಾವುದಕ್ಕೆ?

ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋದಾಗ ಏನು ನಡೆಯುತ್ತದೆ ಅಂತ ಹೇಳಿಬಿಡುತ್ತೇನೆ. ನನ್ನ ಮೇಜಿನ ಮೇಲೆ ಒಂದು ನಾಯಿ, ಒಂದು ಬೆಕ್ಕು ಇರುತ್ತವೆ. ‘ನಾಯಿಯನ್ನು ಬೆಕ್ಕು ಓಡಿಸಿತು, ಆಡಿಸಿ ತೋರಿಸು’ ಅನ್ನುತ್ತೇನೆ. ‘ನಾಯಿಯನ್ನು’ ಅನ್ನೋದರ ಕೊನೆಯ ‘ಅನ್ನು’ ಪ್ರತ್ಯಯವನ್ನು ಹಿಡಿದ ಮಗು ಬೆಕ್ಕನ್ನು ಹಿಂದೆ ಓಡಿಸುತ್ತದೆ. ಹಿಡಿಯದ ಮಗು ಲೋಕಾನುಭವ ನಂಬಿ ನಾಯಿಯನ್ನೇ ಬೆಕ್ಕಿನ ಮೇಲೆ ಬಿಡುತ್ತದೆ. (ಒಂದು ಉತ್ತರದ ಮೇಲೆ ನಾನು ಏನನ್ನೂ ಬರೆದುಕೊಳ್ಳುವುದಿಲ್ಲ, ಮಕ್ಕಳಿಗೆ ನಾಯಿ ಮೇಲೆ ಪ್ರೀತಿಯೂ ಇರುತ್ತದೆ.) ‘ಮಿತೂಗಲಿಪೆ’ ಅಂತ ಅರ್ಥವಿಲ್ಲದ ಪದ ಹೇಳಿ ತಿರುಗಿ ಹೇಳಿಸುತ್ತೇನೆ. ಪದ ಉದ್ದವಾದಷ್ಟೂ ಈ ಮಕ್ಕಳು ಜಾಸ್ತಿ ತಡವರಿಸುತ್ತಾರೆ ಅನ್ನೋದು 1990ರಲ್ಲಿ ಗ್ಯಾದರ್‌ಕೋಲ್ ಮತ್ತು ಬ್ಯಾಡ್ಲಿ ಕಂಡುಕೊಂಡದ್ದು. ಆಮೇಲೆ ಚಿತ್ರ ತೋರಿಸಿ ಕಥೆ ಹೇಳಿಸುತ್ತೇನೆ. ಅಲ್ಲಿ ನನಗೆ ತಪ್ಪಿಗಿಂತ ಮಗು ಕೈಹಾಕದೇ ಬಿಟ್ಟದ್ದು ಮುಖ್ಯ. ‘ಬಿದ್ದ ಮೇಲೆ’, ‘ಓಡಿ ಬಂದು’, ‘ಯಾಕೆಂದರೆ’ ಇವುಗಳ ಪ್ರಯತ್ನವೇ ಇಲ್ಲದಿದ್ದರೆ ಕಿವಿ ನೆಟ್ಟಗಾಗುತ್ತದೆ. ಮೇಲಿನ ಪತ್ರದ ಹುಡುಗ ನಿಯಮ ಮಾಡಿಕೊಂಡು ತಪ್ಪುತ್ತಿದ್ದಾನೆ. ನಿಮ್ಮ ಮಗಳಿಗೆ ಆ ನಿಯಮವೇ ಸಿಗುತ್ತಿಲ್ಲವೇನೋ.

ಒಂದು ಎಚ್ಚರಿಕೆ. ಇಂಗ್ಲಿಷ್ ಟೆಸ್ಟನ್ನು ಹಾಗೇ ಕನ್ನಡಕ್ಕೆ ಇಳಿಸಿ ಅಂಕ ಕೊಟ್ಟರೆ ಒಪ್ಪಬೇಡಿ. ಇಂಗ್ಲಿಷ್ ಮಕ್ಕಳು ಮುಖ್ಯವಾಗಿ ಕ್ರಿಯಾಪದದ ಕಾಲದ ಪ್ರತ್ಯಯ ಬಿಡುತ್ತಾರೆ. ಇಟಾಲಿಯನ್ ಮಕ್ಕಳಿಗೆ ಅದು ಅಷ್ಟು ಕಷ್ಟವಲ್ಲ, ಅವರು ಎಡವುವುದು ಪುಟ್ಟ ಸರ್ವನಾಮಗಳಲ್ಲಿ. ಒಂದೊಂದು ಭಾಷೆಯಲ್ಲಿ ಒಂದೊಂದು ಕಡೆ ತೂತು ಬೀಳುತ್ತದೆ.

ಎರಡು ಭಾಷೆಯ ಮೇಲಿನ ಆರೋಪವನ್ನಂತೂ ನಾನು ಒಪ್ಪಲ್ಲ. ಕೆನಡಾದ ಜೊಹಾನ್ ಪ್ಯಾರಡಿಸ್ ಮತ್ತು ಸಂಗಡಿಗರು 2003ರಲ್ಲಿ ಇದನ್ನೇ ನೋಡಿದರು. ಭಾಷಾ ತೊಂದರೆಯಿದ್ದು ಫ್ರೆಂಚ್-ಇಂಗ್ಲಿಷ್ ಎರಡನ್ನೂ ಆಡುವ ಮಕ್ಕಳು, ಅದೇ ತೊಂದರೆಯಿದ್ದು ಒಂದೇ ಭಾಷೆ ಆಡುವ ಮಕ್ಕಳಿಗಿಂತ ವ್ಯಾಕರಣದಲ್ಲಿ ಹಿಂದೆ ಇರಲಿಲ್ಲ. ಒಂದು ಭಾಷೆ ಬಿಟ್ಟರೆ ತೊಂದರೆ ಹೋಗುವುದಿಲ್ಲ, ಆ ಭಾಷೆಯಲ್ಲಿ ಮಗಳ ಜೊತೆ ಮಾತಾಡುವವರು ದೂರವಾಗುತ್ತಾರೆ. ಪರೀಕ್ಷೆಯನ್ನೂ ಎರಡೂ ಭಾಷೆಯಲ್ಲಿ ಮಾಡಿಸಿ. ಡಿಎಲ್‌ಡಿ ಇದ್ದರೆ ಎರಡರಲ್ಲೂ ಕಾಣಲೇಬೇಕು.

ಪ್ರಶ್ನೆ: ನಾನು ಬಿಎಸ್‌ಸಿ ವಿದ್ಯಾರ್ಥಿ. ‘ವ್ಯಾಕರಣದ ಜೀನ್’ ಸಿಕ್ಕಿದೆ ಅಂತ ಓದಿದೆ. ನಿಜವಾ?

ಉತ್ತರ: ತಲೆಬರಹಕ್ಕೆ ಚೆನ್ನಾಗಿದೆ, ಅಷ್ಟೆ. ಬ್ರಿಟನ್ನಿನ ‘ಕೆಇ’ ಅನ್ನೋ ಕುಟುಂಬದಲ್ಲಿ ಮೂರು ತಲೆಮಾರು, ಸುಮಾರು ಅರ್ಧದಷ್ಟು ಜನರಿಗೆ ಮಾತಿನ ತೊಂದರೆ ಇತ್ತು. 1990ರಲ್ಲಿ ಮಿರ್ನಾ ಗಾಪ್ನಿಕ್ ಇದು ವ್ಯಾಕರಣದ್ದೇ ದೋಷ ಅಂದರು. ಆಮೇಲೆ ವರ್ಗಾ-ಖದೇಮ್ ತಂಡ ನೋಡಿದಾಗ ಬಾಯಿ, ನಾಲಿಗೆಗಳ ಚಲನೆಯಲ್ಲೇ ದೊಡ್ಡ ತೊಡಕು ಕಂಡಿತು. 2001ರಲ್ಲಿ ಫಾಕ್ಸ್‌ಪಿ2 ಜೀನಿನ ದೋಷ ಸಿಕ್ಕಿತು. ಆದರೆ ಡಿಎಲ್‌ಡಿ ಇರುವ ಬಹುಪಾಲು ಮಕ್ಕಳಲ್ಲಿ ಆ ಜೀನ್ ಸರಿಯಾಗಿಯೇ ಇರುತ್ತದೆ. ಅವರಲ್ಲಿ ಹಲವು ಜೀನ್‌ಗಳ ಚೂರುಪಾರು ಪ್ರಭಾವ ಸೇರಿರುತ್ತದೆ. ಇಲಿಗೂ ಹಕ್ಕಿಗೂ ಫಾಕ್ಸ್‌ಪಿ2 ಇದೆ. ಅವು ವಿಭಕ್ತಿ ಪ್ರತ್ಯಯ ಕಲಿತ ಸುದ್ದಿ ಇನ್ನೂ ಬಂದಿಲ್ಲ.