ವಿಜ್ಞಾನ ಪಾಠದಲ್ಲಿ ಬೈಬಲ್ ತರಬಹುದಾ ಅಂತ ಕೇಳಿದ್ದೀರಿ

ಈಗಷ್ಟೇ ಬಿ.ಎಡ್ ಮುಗಿಸಿ ಅನುದಾನಿತ ಹೈಸ್ಕೂಲಿಗೆ ವಿಜ್ಞಾನ ಟೀಚರಾಗಿ ಸೇರಿದ್ದೀರಿ, ಕ್ರಿಶ್ಚಿಯನ್, ಕ್ಲಾಸಲ್ಲಿ ನಂಬಿಕೆಯನ್ನು ಹೇಗೆ ತರೋದು, ತಂದ್ರೆ ತೊಂದರೆ ಆಗ್ತದಾ ಅಂತ ನಿಮ್ಮ ಪ್ರಶ್ನೆ. ನಾನೂ ವಿಜ್ಞಾನವೇ, ಕರಾವಳಿಯವಳು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಪಾಠ ಮಾಡ್ಲಿಕ್ಕೆ ಶುರು ಮಾಡಿ 19 ವರ್ಷ ಆಯ್ತು. ಮೊದಲು ನನ್ನದೇ ಒಂದು ಪೆದ್ದುತನ ಹೇಳ್ತೇನೆ.

ಎರಡನೇ ವರ್ಷವೋ ಏನೋ, ಹತ್ತನೇ ಕ್ಲಾಸಿಗೆ ಕಣ್ಣಿನ ಪಾಠ. ಲೆನ್ಸು, ಐರಿಸು, ರೆಟಿನಾ ಎಲ್ಲ ಬೋರ್ಡಲ್ಲಿ ಚಂದ ಬಿಡಿಸಿ ಕೊನೆಗೆ ಒಂದು ಉತ್ಸಾಹ ಬಂತು ನೋಡಿ, ಇಷ್ಟು ಪರ್ಫೆಕ್ಟಾದ ಕಣ್ಣನ್ನು ದೇವರಲ್ಲದೆ ಇನ್ಯಾರು ಮಾಡ್ಲಿಕ್ಕೆ ಸಾಧ್ಯ ಮಕ್ಕಳೇ ಅಂದೆ. ಹಿಂದಿನ ಬೆಂಚಿಂದ ಒಬ್ಬ ಹುಡುಗ ಎದ್ದು ನಿಂತ. ಅಧಿಕಪ್ರಸಂಗ ಏನಲ್ಲ, ಮೆತ್ತಗೆ ಕೇಳಿದ, ಮಿಸ್ ನನ್ನ ತಮ್ಮ ಹುಟ್ಟು ಕುರುಡ, ಅವನದ್ದು ಯಾರು ಮಾಡಿದ್ದು ಅಂತ. ನನ್ನ ಬಾಯಿ ಕಟ್ಟಿಹೋಯ್ತು. ಸಂಡೇ ಸ್ಕೂಲಲ್ಲಿ ಯೋಹಾನನ ಸುವಾರ್ತೆ 9ನೇ ಅಧ್ಯಾಯ ಎಷ್ಟು ಸಲ ಕಲಿಸಿದ್ದೆ, ಹುಟ್ಟು ಕುರುಡನನ್ನು ನೋಡಿ ಶಿಷ್ಯರು ಪಾಪ ಮಾಡಿದ್ದು ಇವನಾ ಇವನ ಅಪ್ಪ ಅಮ್ಮನಾ ಅಂತ ಕೇಳಿದಾಗ ಯೇಸು ಇಬ್ಬರೂ ಅಲ್ಲ ಅಂತಾನಲ್ಲ, ಅದು ಕೂಡ ಆ ಹೊತ್ತಿಗೆ ನೆನಪಾಗಲಿಲ್ಲ. ನೆನಪಾಗಿದ್ರೂ ಹೇಳಬಾರದಿತ್ತು ಅಂತ ಈಗ ಅನ್ನಿಸ್ತದೆ.

ಅದೂ ಅಲ್ಲದೆ ವಿಜ್ಞಾನವಾಗಿಯೂ ನಾನು ಹೇಳಿದ್ದು ಅರೆಬರೆ. ನಮ್ಮ ಕಣ್ಣಲ್ಲಿ ನರದ ಎಳೆಗಳು ರೆಟಿನಾದ ಮುಂದಿನಿಂದ ಹಾದು ಒಂದು ಕಡೆ ತೂತು ಮಾಡಿಕೊಂಡು ಹಿಂದೆ ಹೋಗ್ತವೆ, ಅಲ್ಲೇ ಬ್ಲೈಂಡ್ ಸ್ಪಾಟ್, ಅಂದ್ರೆ ಏನೂ ಕಾಣದ ಜಾಗ, ನಮ್ಮ ಮೀನು ಮಾರ್ಕೆಟಿನ ಬೊಂಡಾಸಿಗೆ (ಸ್ಕ್ವಿಡ್) ಅದು ಇಲ್ಲ, ಅದರ ನರ ಹಿಂದಿನಿಂದಲೇ ಹೋಗ್ತದೆ. ಪರ್ಫೆಕ್ಟ್ ಅನ್ನುವ ಮಾತಿನ ಮೇಲೆ ದೇವರನ್ನು ಕೂರಿಸಿದ್ರೆ ಬೊಂಡಾಸ್ ಬಂದು ಕೆಡವ್ತದೆ ಮಾರಾಯ್ರೆ.

ಕಾನೂನು ಕೇಳಿದ್ದೀರಿ, ಅದು ಸಿಂಪಲ್. ಸಂವಿಧಾನದ 28ನೇ ವಿಧಿ ನೋಡಿ. ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇಲ್ಲವೇ ಇಲ್ಲ. ನಿಮ್ಮದರ ಹಾಗೆ ಅನುದಾನ ತಗೊಳ್ಳುವ ಅಥವಾ ಮಾನ್ಯತೆ ಇರುವ ಶಾಲೆಯಲ್ಲಿ ಮಾಡಬಹುದು, ಆದ್ರೆ ಪೋಷಕರ ಒಪ್ಪಿಗೆ ಇಲ್ಲದೆ ಯಾವ ಮಗುವನ್ನೂ ಅದಕ್ಕಾಗಲಿ ಪ್ರಾರ್ಥನೆಗಾಗಲಿ ಕೂರಿಸುವ ಹಾಗಿಲ್ಲ. ಅದಕ್ಕೇ ಎಷ್ಟೋ ಮಿಷನ್ ಶಾಲೆಗಳಲ್ಲಿ ಕ್ರಿಶ್ಚಿಯನ್ ಮಕ್ಕಳಿಗೆ ಕ್ಯಾಟಕಿಸಂ (ಧರ್ಮಬೋಧನೆ), ಉಳಿದವರಿಗೆ ಮೌಲ್ಯ ಶಿಕ್ಷಣ ಅಂತ ಬೇರೆ ಪೀರಿಯಡ್ ಇರೋದು. ಫಿಸಿಕ್ಸ್ ಪೀರಿಯಡ್ ಅದಕ್ಕಲ್ಲ.

ಹಾಗಂತ ನಂಬಿಕೆಯನ್ನು ಚಪ್ಪಲಿ ತರ ಹೊರಗೆ ಬಿಟ್ಟು ಬನ್ನಿ ಅಂತಲೂ ನಾನು ಹೇಳೋದಿಲ್ಲ. ಪಾಠದೊಳಗೇ ಇದ್ದದ್ದನ್ನು ಯಾಕೆ ಮುಚ್ಚಿಡಬೇಕು? ಅನುವಂಶೀಯತೆ ಪಾಠದ ಮೆಂಡೆಲ್ ಒಬ್ಬ ಸನ್ಯಾಸಿ, ಮಠದ ತೋಟದಲ್ಲಿ ಬಟಾಣಿ ಬೆಳೆಸಿದವರು, ಅವರ ಲೇಖನ ಅಚ್ಚಾದದ್ದು 1866ರಲ್ಲಿ. ನಾನದನ್ನು ಹೇಳ್ತೇನೆ, ಜೊತೆಗೆ ಆ ಮನುಷ್ಯ ಟೀಚರ್ ಆಗುವ ಪರೀಕ್ಷೆಯಲ್ಲಿ ಫೇಲಾಗಿದ್ರು ಅಂತಲೂ ಹೇಳ್ತೇನೆ, ಮಕ್ಕಳಿಗೆ ಅದು ಭಾರಿ ಖುಷಿ. ಬಿಗ್ ಬ್ಯಾಂಗ್ ಮಾತು ಬಂದ್ರೆ ಆ ಯೋಚನೆಗೆ ಬುನಾದಿ ಹಾಕಿದ ಲೆಮೇಟರ್ ಕ್ಯಾಥೊಲಿಕ್ ಪಾದ್ರಿ ಅಂತ ಒಂದು ವಾಕ್ಯ, ಅಷ್ಟೇ, ಮುಂದೆ ಪಾಠ. ಯಾರಾದ್ರೂ ಮಿಸ್ ನೀವು ದೇವರನ್ನು ನಂಬ್ತೀರಾ ಅಂತ ಕೇಳಿದ್ರೆ ಹೌದು ಅಂತೇನೆ, ಸುಳ್ಳು ಯಾಕೆ. ವಿಕಾಸವಾದ ಕೇಳಿದ್ರೆ ವಿಜ್ಞಾನ ಏನು ಹೇಳ್ತದೋ ಅದನ್ನೇ ನೆಟ್ಟಗೆ ಹೇಳ್ತೇನೆ, ಅರ್ಧ ಮನಸ್ಸಿಂದ ಅಲ್ಲ. ನಮ್ಮ ಸಭೆಯಲ್ಲಿ ಕೆಲವರಿಗೆ ಇದು ಹಿಡಿಸೋದಿಲ್ಲ, ಇರಲಿ.

ನಮ್ಮ ಊರಲ್ಲೇ ನೋಡಿ, ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದದ್ದು ಮತ ಪ್ರಚಾರಕ್ಕೇ, ಅದರಲ್ಲಿ ಗುಟ್ಟೇನಿಲ್ಲ. ಆದ್ರೆ ಅದೇ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ತಂದ್ರು, ದಾಸರ ಪದಗಳನ್ನೂ ಅಚ್ಚು ಹಾಕಿಸಿದ್ರು, ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಬಂತು. ಕೇಶಿರಾಜನ ಹಳೆಗನ್ನಡ ವ್ಯಾಕರಣವನ್ನು ಸಂಪಾದಿಸುವಾಗ ಕಿಟ್ಟೆಲ್ ಸೂತ್ರದ ನಡುವೆ ಬೈಬಲ್ ವಾಕ್ಯ ತುರುಕಲಿಲ್ಲ. ಆ ಕೆಲಸವನ್ನು ಆ ಕೆಲಸವಾಗಿಯೇ ಮಾಡಿದ್ರು.

ಇನ್ನು ನನ್ನ ಪ್ರಕಾರ ಬೈಬಲ್ ಕ್ಲಾಸಿಗೆ ನಿಜವಾಗಿ ಬರೋದು ಎಲ್ಲಿ ಅಂದ್ರೆ ಎಸ್ಸೆಸ್ಸೆಲ್ಸಿ ರಿಸಲ್ಟಲ್ಲಿ. ನಗಬೇಡಿ. ಲೂಕ 15ರಲ್ಲಿ ಕುರುಬ 99 ಕುರಿ ಬಿಟ್ಟು ತಪ್ಪಿಸಿಕೊಂಡ ಒಂದನ್ನು ಹುಡುಕಿಕೊಂಡು ಹೋಗ್ತಾನೆ. ನಾನು ಹಿಂದೆ ಇದ್ದ ಒಂದು ಶಾಲೆಯಲ್ಲಿ (ಕ್ರಿಶ್ಚಿಯನ್ ಆಡಳಿತವೇ, ಗೋಡೆಯಲ್ಲಿ ಆ ಕುರುಬನ ಫೋಟೋ ಕೂಡ ಇತ್ತು) ಒಂಬತ್ತನೇ ಕ್ಲಾಸಿನ ಕೊನೆಗೇ ಆ ಒಂದು ಕುರಿಗೆ ಟಿಸಿ ಕೊಟ್ಟು ಕಳಿಸ್ತಿದ್ರು, ಗೇಟಿನ ಫ್ಲೆಕ್ಸಲ್ಲಿ ನೂರಕ್ಕೆ ನೂರು ಪಾಸ್ ಅಂತ ಹಾಕ್ಲಿಕ್ಕೆ. ಬೆಳಿಗ್ಗೆ ಅಸೆಂಬ್ಲಿಯಲ್ಲಿ ಸ್ತೋತ್ರ, ಮಧ್ಯಾಹ್ನ ಟಿಸಿ. ಸ್ಟಾಫ್ ಮೀಟಿಂಗಲ್ಲಿ ನಾನು ಒಂದು ಸಲ ಬಾಯಿ ಬಿಟ್ಟೆ, ಎರಡು ವರ್ಷ ಯಾರೂ ಸರಿಯಾಗಿ ಮಾತಾಡಲಿಲ್ಲ, ಆದ್ರೆ ಆ ವರ್ಷ ಟಿಸಿ ಕೊಡಬೇಕೆಂದಿದ್ದ ಇಬ್ಬರು ಹುಡುಗರು ಶಾಲೆಯಲ್ಲೇ ಉಳಿದ್ರು. ಒಬ್ಬ ಪಾಸಾದ, ಒಬ್ಬ ಆಗಲಿಲ್ಲ. ಮನುಷ್ಯ ದೇವರ ಸ್ವರೂಪದಲ್ಲಿ ಸೃಷ್ಟಿಯಾದವನು ಅಂತ ಆದಿಕಾಂಡ ಹೇಳಿದ್ದು ಪಾಸ್ ಮಾರ್ಕ್ ಬಂದವರಿಗೆ ಮಾತ್ರ ಅಲ್ಲವಲ್ಲ.

ಹಾಗಾಗಿ ನಿಮಗೆ ನಾನು ಹೇಳೋದು ಇಷ್ಟೇ, ಪೇಪರ್ ತಿದ್ದುವಾಗ ಹೆಸರು ನೋಡದೆ ತಿದ್ದಿ, ಸಂಜೆ ಕಲಿಕೆಯಲ್ಲಿ ಹಿಂದೆ ಬಿದ್ದ ಆ ನಾಲ್ಕೈದು ಜನರನ್ನು ಕೂರಿಸಿ ಹೇಳಿಕೊಡಿ, ಟ್ಯೂಷನ್ ದುಡ್ಡು ತಗೊಳ್ಬೇಡಿ. ಪ್ರಾರ್ಥನೆ ಮಾಡ್ಬೇಕಾ ಅಂತ ಕೇಳಿದ್ದೀರಿ, ನಾನು ಮಾಡ್ತೇನೆ, ಬೆಲ್ ಹೊಡೆಯುವ ಮೊದಲು ಸ್ಟಾಫ್ ರೂಮಲ್ಲಿ ಹಾಜರಿ ಪುಸ್ತಕ ತೆರೆದು ಒಂದೊಂದೇ ಹೆಸರು ಓದ್ತೇನೆ, ಬೇರೆಯವರು ನಾನು ಆಬ್ಸೆಂಟ್ ಲೆಕ್ಕ ಹಾಕ್ತಿದ್ದೇನೆ ಅಂದುಕೊಳ್ತಾರೆ. ಮತ್ತೆ ಕ್ರಿಸ್‌ಮಸ್ ಪ್ರೋಗ್ರಾಮು, ಅಸೆಂಬ್ಲಿ ಹಾಡು ಇಂಥದ್ದೆಲ್ಲ ಹೆಡ್‌ಮಾಸ್ಟರ್ ಹತ್ರ ಜೂನಲ್ಲೇ ಕೇಳಿ ಇಟ್ಟುಕೊಳ್ಳಿ, ಪೋಷಕರ ಒಪ್ಪಿಗೆ ಬಾಯಿ ಮಾತಲ್ಲಿ ಬೇಡ, ಬರೆಸಿಕೊಳ್ಳಿ.