ಎರಡೇ ದಿನಕ್ಕೆ ಮಾಯವಾದ ಹುಳುಕಡ್ಡಿ

ಓದುಗರ ಪತ್ರ: ನಮ್ಮ ಯಜಮಾನರು ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡುತ್ತಾರೆ. ಸೊಂಟದಲ್ಲಿ ಹುಳುಕಡ್ಡಿ ಎದ್ದಿತು, ಬೆರಳೂ ಬಿರಿದವು. ಯೂಟ್ಯೂಬ್ ನೋಡಿ ಬೆಳ್ಳುಳ್ಳಿ ಅರೆದು ಹಚ್ಚಿದೆವು, ಬೊಬ್ಬೆ ಬಂತು. ಇನ್ನೊಂದು ವಿಡಿಯೊದಲ್ಲಿ ತೋರಿಸಿದ ಟ್ಯೂಬ್ ತಂದೆವು. ಎರಡೇ ದಿನಕ್ಕೆ ಮಾಯ! ಈಗ ತೊಡೆಗೆಲ್ಲ ಹಬ್ಬಿದೆ, ಮಗಳ ಕತ್ತಿಗೂ ಬಂದಿದೆ. ಯಾವ ಚಾನೆಲ್ ನಂಬಬೇಕು? ಒಂದು ಪಟ್ಟಿ ಹಾಕಿ.
— ಹೆಸರು ಬೇಡವೆಂದ ಓದುಗರು, ಶಿಡ್ಲಘಟ್ಟ

ಸಂಪಾದಕರ ಉತ್ತರ: ತಾಯಿ, ಆ ಟ್ಯೂಬಿನ ಡಬ್ಬಿಯ ಒಂದು ಮಗ್ಗುಲು ಕತ್ತರಿಸಿ ಪತ್ರಕ್ಕೆ ಅಂಟಿಸಿದ್ದೀರಲ್ಲ, ಒಳ್ಳೆಯದಾಯಿತು. ಅಕ್ಷರಗಳು ಸಾಸಿವೆ ಕಾಳಿಗಿಂತ ಸಣ್ಣ. ಭೂತಗನ್ನಡಿ ಹಿಡಿದು ಓದಿದೆ. ಒಳಗಿರುವುದು ಮೂರು ಔಷಧಿ. ಒಂದು ಶಿಲೀಂಧ್ರಕ್ಕೆ, ಒಂದು ಬ್ಯಾಕ್ಟೀರಿಯಾಕ್ಕೆ. ಮೂರನೆಯದು ಕ್ಲೋಬೆಟಾಸಾಲ್. ಅದು ಬಲು ಜೋರಾದ ಸ್ಟೀರಾಯ್ಡ್.

ಹುಳುಕಡ್ಡಿಯಲ್ಲಿ ಹುಳುವೂ ಇಲ್ಲ, ಕಡ್ಡಿಯೂ ಇಲ್ಲ. ಅದು ಬೂಷ್ಟಿನ ಜಾತಿಯ ಶಿಲೀಂಧ್ರ. ಅದನ್ನು ಓಡಿಸಲು ನಮ್ಮ ಮೈ ಹೋರಾಡುತ್ತದೆ. ಆ ಹೋರಾಟದ ಗುರುತೇ ನವೆ, ಉರಿ, ಕೆಂಪು. ಸ್ಟೀರಾಯ್ಡ್ ಹಚ್ಚಿದರೆ ಹೋರಾಟ ನಿಲ್ಲುತ್ತದೆ. ಎರಡೇ ದಿನಕ್ಕೆ ನವೆ ಹೋಗಿ, ಚರ್ಮ ನುಣ್ಣಗೆ ಕಾಣುತ್ತದೆ. ಆದರೆ ಶಿಲೀಂಧ್ರ ಅಲ್ಲೇ ಇರುತ್ತದೆ, ಕೇಳುವವರಿಲ್ಲದೆ ಹಬ್ಬುತ್ತದೆ. ಮುಲಾಮು ನಿಲ್ಲಿಸಿದ ಕೂಡಲೇ ಇನ್ನೂ ದೊಡ್ಡದಾಗಿ ಏಳುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ತೊಡೆಸಂದಿಯ ಚರ್ಮ ತೆಳ್ಳಗಾಗಿ, ಹೆರಿಗೆ ಆದವರ ಹೊಟ್ಟೆಯ ಮೇಲೆ ಬರುವಂಥ ಗೆರೆ ಬೀಳುತ್ತದೆ. ಆ ಗೆರೆ ಪೂರ್ತಿ ಅಳಿಯುವುದಿಲ್ಲ.

ನೀವು ಹೇಳಿದ ವಿಡಿಯೊ ನಾನೂ ನೋಡಿದೆ. ಕೆಳಗೆ ಸಾಲುಸಾಲು ಕಮೆಂಟು: 'ಎರಡೇ ದಿನಕ್ಕೆ ಹೋಯ್ತು ಸಾರ್', 'ದೇವರು ಸಾರ್ ನೀವು'. ಬರೆದವರು ಸುಳ್ಳು ಹೇಳುತ್ತಿಲ್ಲ. ನಿಮಗೂ ಎರಡೇ ದಿನಕ್ಕೆ ಹೋಯಿತು, ಅಲ್ವಾ? ತಿಂಗಳ ನಂತರ ಮರಳಿ ಬಂದು 'ಮತ್ತೆ ಎದ್ದಿತು' ಅಂತ ಬರೆಯುವವರು ಎಷ್ಟು ಜನ? ನೀವೂ ಬರೆದಿಲ್ಲ. ಹೆಬ್ಬೆರಳು ಕೆಳಗೆ ಮಾಡಿದವರ ಲೆಕ್ಕವನ್ನು ಯೂಟ್ಯೂಬ್ 2021ರ ನವೆಂಬರಿನಿಂದ ನಮಗೆ ತೋರಿಸುವುದೂ ಇಲ್ಲ. ಹಾಗಾಗಿ ಹುಳುಕಡ್ಡಿಗೆ 'ಎರಡು ದಿನ' ಅಂದರೆ ನನಗೆ ಅನುಮಾನವೇ ಜಾಸ್ತಿ. ಸರಿಯಾದ ಔಷಧಿಗೆ ವಾರಗಟ್ಟಲೆ ಬೇಕು. ಕಲೆ ಹೋದ ಮೇಲೂ ಡಾಕ್ಟರು ಹೇಳಿದಷ್ಟು ದಿನ ಹಚ್ಚಬೇಕು. ಹಾಗೆ ಹೇಳುವ ವಿಡಿಯೊ ಯಾರು ನೋಡುತ್ತಾರೆ!

ಇನ್ನು ಯಜಮಾನರ ಬೆರಳು. ದಿನವಿಡೀ ಬಿಸಿನೀರಿನಲ್ಲಿ ಗೂಡು ಆಡಿಸುವ ಕೈ ಅದು. ನೀರಿಗೆ ಚರ್ಮದ ಜಿಡ್ಡೆಲ್ಲ ಹೋಗಿ ಬರುವ ಇಸುಬು ಇರಬಹುದು. ಸೊಂಟದ್ದೇ ಕಾಯಿಲೆ ಕೈಗೂ ಬಂದಿರಬಹುದು. ಇಸುಬಾದರೆ ಸ್ಟೀರಾಯ್ಡನ್ನು ಡಾಕ್ಟರೇ ಬರೆದುಕೊಡುತ್ತಾರೆ. ಅದೇ ಮುಲಾಮು ಸೊಂಟದ ಹುಳುಕಡ್ಡಿಗೆ ಗೊಬ್ಬರ. ಒಂದೇ ಮೈಯಲ್ಲಿ ಒಂದು ಗೇಣು ಆಚೆ ಈಚೆ! ಯಾವ ವಿಡಿಯೊಗೆ ಇದು ಕಾಣಬೇಕು? ಮೇಲಾಗಿ ಅಲ್ಲಿ ತೋರಿಸುವ ಚಿತ್ರ ಬಹುಪಾಲು ಬಿಳಿ ಚರ್ಮದ್ದು, ಕೆಂಪು ಉಂಗುರ. ನಮ್ಮ ಗೋಧಿ, ಕಪ್ಪು ಮೈಬಣ್ಣದಲ್ಲಿ ಅದು ಕಂದಾಗಿಯೋ ಕಪ್ಪಾಗಿಯೋ ಕಾಣುತ್ತದೆ.

ಚಾನೆಲ್ ಪಟ್ಟಿ ಕೇಳಿದ್ದೀರಿ. ಕೊಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಒಳ್ಳೆಯ ಡಾಕ್ಟರ ಚಾನೆಲ್ಲಿನಲ್ಲೂ ನಾಳೆ ಸೋಪಿನ ಜಾಹೀರಾತು ಬರಬಹುದು. ನಮ್ಮ ಕೈಯೂ ಶುದ್ಧವಿಲ್ಲ. ಹಿಂದೊಮ್ಮೆ ಇದೇ ಪತ್ರಿಕೆಯಲ್ಲಿ ಮುಖದ ಬಂಗಿಗೆ ನಿಂಬೆರಸ ಹಚ್ಚಿ ಎಂದು ಅಚ್ಚು ಹಾಕಿದ್ದೆವು. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗುತ್ತದೆ ಎಂದು ಓದುಗರೊಬ್ಬರು ಬೈದು ಬರೆದರು. ಬೈಗುಳ ಸರಿಯಾಗಿಯೇ ಇತ್ತು.

ಪಟ್ಟಿಯ ಬದಲು ಒಂದು ಅಳತೆಗೋಲು ಹೇಳುತ್ತೇನೆ. ಚಿಕಿತ್ಸೆಯ ಮಾಹಿತಿಯನ್ನು ತೂಗಿ ನೋಡಲು 1990ರ ದಶಕದಲ್ಲಿ ಬ್ರಿಟನ್ನಿನಲ್ಲಿ 'ಡಿಸರ್ನ್' ಎಂಬ 16 ಪ್ರಶ್ನೆಗಳನ್ನು ಮಾಡಿದರು. ಈಗ ಸಂಶೋಧಕರು ಯೂಟ್ಯೂಬ್ ವಿಡಿಯೊಗಳನ್ನೂ ಅದರಿಂದಲೇ ಅಳೆಯುತ್ತಾರೆ. ಹದಿನಾರೂ ನಮಗೆ ಬೇಡ. ಈ ಮಾತು ಎಲ್ಲಿಂದ ಬಂತು ಅಂತ ಹೇಳುತ್ತಾರಾ? ಔಷಧಿಯಿಂದ ಆಗುವ ತೊಂದರೆ ಹೇಳುತ್ತಾರಾ? ಸುಮ್ನೆ ಬಿಟ್ಟರೆ ಏನಾಗುತ್ತೆ ಅಂತ ಹೇಳುತ್ತಾರಾ? ಬೆಳ್ಳುಳ್ಳಿಯವನು ಮೂರರಲ್ಲಿ ಒಂದನ್ನೂ ಹೇಳಿರಲಿಲ್ಲ.

ಈಗ ಆಗಬೇಕಾದ್ದು ಇದು. ಮೂವರೂ ಒಟ್ಟಿಗೆ ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಗೆ ಹೋಗಿ ಚರ್ಮದ ಡಾಕ್ಟರನ್ನು ಕೇಳಿ. ಒಬ್ಬರಿಗೆ ಮಾತ್ರ ಔಷಧಿಯಾದರೆ ಮತ್ತೆ ಒಬ್ಬರಿಂದ ಒಬ್ಬರಿಗೆ ಸುತ್ತುತ್ತದೆ. ಕಲೆಯ ಅಂಚಿನ ಹೊಟ್ಟು ಕೆರೆದು, ಗಾಜಿನ ಮೇಲೆ ಒಂದು ಹನಿ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆ ಕಾಣುತ್ತದೆ. ದೊಡ್ಡ ಪರೀಕ್ಷೆಯೇನಲ್ಲ. ಟವೆಲ್ಲು ಬೇರೆ ಬೇರೆ ಇರಲಿ, ಒಳಬಟ್ಟೆ ಬಿಸಿಲಿನಲ್ಲಿ ಒಣಗಲಿ. ಇಂಥ ಸ್ಟೀರಾಯ್ಡ್ ಮುಲಾಮುಗಳಲ್ಲಿ ಹಲವನ್ನು ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ಆದೇಶ ಮಾಡಿದೆ. ಅಂಗಡಿಯವರು ನಿಮ್ಮ ಹತ್ತಿರ ಚೀಟಿ ಕೇಳಿದರೋ ಇಲ್ಲವೋ, ಪತ್ರದಲ್ಲಿ ಬರೆದಿಲ್ಲ.

ಡಬ್ಬಿಯ ಆ ತುಂಡನ್ನು ಇವತ್ತಿನ ಟಪಾಲಿನಲ್ಲಿ ವಾಪಸ್ ಕಳಿಸಿದ್ದೇನೆ. ಕ್ಲೋಬೆಟಾಸಾಲ್ ಎಂಬ ಪದದ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದೇನೆ. ಡಾಕ್ಟರಿಗೆ ಮೊದಲು ಅದನ್ನೇ ತೋರಿಸಿ, ಎಷ್ಟು ದಿನ ಹಚ್ಚಿದಿರಿ ಅಂತಲೂ ಹೇಳಿ.