ಉ: ಇಳಿಜಾರು ತೋಟದ ಕಳೆ ಮತ್ತು ಸುಣ್ಣ

ಮಡಿಕೇರಿ ಕಡೆಯ ಇಳಿಜಾರು ಕಾಫಿ ತೋಟದಲ್ಲಿ ಮಳೆಗೆ ಮುನ್ನ ಗುದ್ದಲಿಯಿಂದ ಕಳೆ ಕೆತ್ತಿಸಿ, ಸುಣ್ಣವನ್ನೂ ಹಾಕಿಸಲೇ ಎಂದು ಕೇಳಿದ್ದೀರಿ.

ಕೆತ್ತಿಸುವುದು ಬೇಡವೇ ಬೇಡ. ತೋಟ ಚೊಕ್ಕವಾಗಿ ಕಾಣುತ್ತದೆ ನಿಜ, ಆದರೆ ಜೂನ್‌ನಲ್ಲಿ ಮಳೆ ಹಿಡಿದರೆ ಬರಿಮೈ ಮೇಲ್ಮಣ್ಣು ಹೊಳೆಯ ಪಾಲು. ಕತ್ತಿಯಿಂದ ಸವರಿಸಿ, ಬೇರು ಮಣ್ಣನ್ನು ಹಿಡಿದಿರಲಿ, ಸೊಪ್ಪು ಅಲ್ಲೇ ಕೊಳೆಯಲಿ. ಗಿಡಗಳ ನಡುವೆ ಇಳಿಜಾರಿಗೆ ಅಡ್ಡಲಾಗಿ ತೊಟ್ಟಿಲು ಗುಂಡಿ (ತೊಟ್ಟಿಲಿನಂತೆ ಉದ್ದನೆಯ ಗುಂಡಿ) ತೆಗೆಸಿದರೆ ನೀರು ಇಂಗುತ್ತದೆ, ಕೊಚ್ಚಿ ಬಂದ ಮಣ್ಣೂ ಅಲ್ಲಿಯೇ ನಿಲ್ಲುತ್ತದೆ. ನೆರಳಿಗೆ ಹಾಲುವಾಣ ಇದ್ದರೆ ಕಡಿಸಬೇಡಿ, ಅದು ಸಾರಜನಕ ಕೊಡುವ ಮರ.

ನಮ್ಮ ಮಳೆ ಕ್ಯಾಲ್ಸಿಯಂ, ಮೆಗ್ನೀಷಿಯಂ ತೊಳೆದೊಯ್ಯುವುದರಿಂದ ಮಣ್ಣು ಹುಳಿಯಾಗುತ್ತದೆ, ಆ ಹುಳಿ ತಗ್ಗಿಸಲೆಂದೇ ಸುಣ್ಣ ಹಾಕುವುದು. ಆದರೂ ಪಕ್ಕದ ತೋಟದವರ ಲೆಕ್ಕದಲ್ಲಿ ಸುಣ್ಣ ಸುರಿಯಬೇಡಿ. ಗೊಬ್ಬರ ಹಾಕುವ ಮೊದಲೇ ಹಲವು ಕಡೆಯ ಮಣ್ಣು ತೆಗೆದು ಬೆರೆಸಿ ಪರೀಕ್ಷೆ ಮಾಡಿಸಿ. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಕಾಫಿಗೆ ರಸಸಾರ (pH, ಮಣ್ಣಿನ ಹುಳಿಯ ಅಳತೆ) 6ರ ಆಸುಪಾಸಿನಲ್ಲಿದ್ದರೆ ಸುಣ್ಣಕ್ಕೆ ಅವಸರವಿಲ್ಲ. ಸುಣ್ಣ, ಗೊಬ್ಬರ ಎರಡನ್ನೂ ಒಟ್ಟಿಗೆ ಮಾತ್ರ ಹಾಕಿಸಬೇಡಿ.